ನಡುನಾಡಿನ ಮಂತ್ರಿ

ತಂಗಿ ನಾಲ್ಕು ವರ್ಷ ತುಂಬುವವರೆಗೂ ಮಾತಾಡಿರಲಿಲ್ಲ. ಡಾಕ್ಟರು ಗಂಟಲು ನೋಡಿದರು, ಕಿವಿ ನೋಡಿದರು, ಎಲ್ಲ ಸರಿಯಾಗಿಯೇ ಇದೆ ಎಂದು ಕಳಿಸಿದರು. ಮನೆಯಲ್ಲಿ ಅವಳಿಗೆ ಮೂಗಿ ಎಂಬ ಹೆಸರು ಬಿದ್ದುಹೋಯಿತು. ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕನೇ ಅವಳ ಬಾಯಿ. "ಮೂಗಿಗೆ ನೀರು ಬೇಕಂತೆ," "ಮೂಗಿಗೆ ಆ ಅಂಗಿ ಚುಚ್ಚತ್ತಂತೆ," ಎಂದು ಅಕ್ಕ ಹೇಳುವಳು, ತಂಗಿ ಹೌದೆಂದು ತಲೆಯಾಡಿಸುವಳು. ಮಾತು ಬಂದ ಮೇಲೂ ಅಭ್ಯಾಸ ಪೂರ್ತಿ ಹೋಗಲಿಲ್ಲ. ಯಾರಾದರೂ ಗದರಿದರೆ, ನಾಲ್ಕು ಜನ ಸುತ್ತುವರಿದು ಒಟ್ಟಿಗೆ ಪ್ರಶ್ನೆ ಕೇಳಿದರೆ ತಂಗಿಯ ನಾಲಿಗೆ ಅಂಟಿಕೊಳ್ಳುತ್ತಿತ್ತು. ಆಗ ಅವಳು ಅಕ್ಕನ ಕಡೆ ತಿರುಗುತ್ತಿದ್ದಳು, ಅಕ್ಕ ಉತ್ತರ ಹೇಳಿ ಮುಗಿಸುತ್ತಿದ್ದಳು.

ಹಾಗಾಗಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ವರ್ಷದ ಪಾತ್ರಗಳ ಪಟ್ಟಿ ಅಂಟಿಸಿದ ದಿನ ಅಕ್ಕ ತನ್ನ ಕಣ್ಣನ್ನೇ ನಂಬಲಿಲ್ಲ.

ರಾಜ್ಯಶಾಸ್ತ್ರ ವಿಭಾಗದವರು ವರ್ಷಕ್ಕೊಮ್ಮೆ ಮೂರು ದಿನದ ಅಣಕು ಶೃಂಗಸಭೆ ನಡೆಸುತ್ತಿದ್ದರು. ವಿದ್ಯಾರ್ಥಿಗಳೇ ಮಂತ್ರಿಗಳು, ರಾಯಭಾರಿಗಳು, ಪತ್ರಕರ್ತರು. ಈ ಸಲದ ಕಥೆ ಹೀಗಿತ್ತು. ಮೇಲ್ನಾಡು, ಕೆಳನಾಡು ಎಂಬ ಎರಡು ದೊಡ್ಡ ದೇಶಗಳ ಮಧ್ಯೆ ನಡುನಾಡು ಎಂಬ ಚೋಟುದ್ದದ ದೇಶ. ಅದರ ಗಡಿಪಟ್ಟಣದ ಮಾರುಕಟ್ಟೆಯಲ್ಲಿ ಬಾಂಬ್ ಸಿಡಿದು ನಲವತ್ತೊಂದು ಜನ ಸತ್ತಿದ್ದಾರೆ. ಉಗ್ರರಿಗೆ ಆಶ್ರಯ ಕೊಟ್ಟವರು ನೀವೇ ಎಂದು ದೊಡ್ಡ ದೇಶಗಳೆರಡೂ ಒಂದರ ಮೇಲೊಂದು ಹರಿಹಾಯುತ್ತಿವೆ. ಗಡಿ ಮುಚ್ಚಿದೆ, ರೈಲು ನಿಂತಿದೆ, ಸೇನೆ ಹೊರಟಿದೆ.

ಅಕ್ಕ ಮೊದಲ ವರ್ಷ ಇದರಲ್ಲಿ ಪತ್ರಕರ್ತೆಯಾಗಿದ್ದಳು, ಎರಡನೇ ವರ್ಷ ಉಪಮಂತ್ರಿ. ಇದು ಕೊನೆಯ ವರ್ಷ. ಮೇಲ್ನಾಡಿನ ವಿದೇಶಾಂಗ ಮಂತ್ರಿ ತಾನೇ ಎಂದು ಅವಳು ಬೇಸಿಗೆಯಿಂದಲೇ ತೀರ್ಮಾನಿಸಿದ್ದಳು. ಅರ್ಜಿಯ ಜೊತೆ ಒಂಬತ್ತು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದಳು. ಕನ್ನಡಿಯ ಮುಂದೆ ಭಾಷಣ ಮಾಡಿ ಮಾಡಿ ಕೈ ಎಲ್ಲಿ ಎತ್ತಬೇಕು ಎಂಬುದೂ ಅಭ್ಯಾಸವಾಗಿತ್ತು.

ಬೋರ್ಡಿನಲ್ಲಿ ಆ ಪಾತ್ರ ಬೇರೆಯವನಿಗೆ ಹೋಗಿತ್ತು. ಅವಳದೇ ತರಗತಿಯ, ದನಿ ದೊಡ್ಡದೆಂದು ಎಲ್ಲರೂ ಮೈಕು ಎಂದು ಕರೆಯುವ ಹುಡುಗನಿಗೆ. ಅಕ್ಕ ಬೆರಳಿಟ್ಟು ಕೆಳಗಿಳಿದಳು. ನಡುನಾಡಿನ ವಿದೇಶಾಂಗ ಮಂತ್ರಿಯ ಸಾಲಿನಲ್ಲಿ ತಂಗಿಯ ಹೆಸರಿತ್ತು. ಮೊದಲ ವರ್ಷದ ತಂಗಿ. ಅರ್ಜಿ ಹಾಕಿದ್ದೇನೆಂದು ಮನೆಯಲ್ಲಿ ಉಸಿರೆತ್ತದ ತಂಗಿ. ಇನ್ನೂ ಕೆಳಗೆ, ತೀರ ಕೊನೆಯಲ್ಲಿ, ಕಂಟ್ರೋಲ್ ರೂಮ್ ಎಂಬುದರ ಪಕ್ಕ ಅಕ್ಕನ ಹೆಸರು.

ಅವಳು ನೆಟ್ಟಗೆ ಲೆಕ್ಚರರ್ ಮೇಡಂ ಕೊಠಡಿಗೆ ಹೋದಳು.

"ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ತಪ್ಪೇನಮ್ಮಾ? ಕಥೆ ನಡೆಸೋದೇ ಕಂಟ್ರೋಲ್ ರೂಮು. ಅರ್ಧ ಗಂಟೆಗೊಂದು ಸುದ್ದಿ ಬರೀಬೇಕು. ನಿನ್ನಷ್ಟು ಚೆನ್ನಾಗಿ ಬರೆಯೋರು ನನ್ನ ಹತ್ರ ಇನ್ಯಾರಿದ್ದಾರೆ?"

"ಆದ್ರೆ ಭಾಷಣ…"

"ನೀನು ಮಾತು ಚೆನ್ನಾಗಾಡ್ತೀಯ. ಬೇರೆಯವರು ಆಡ್ತಿರೋವಾಗ್ಲೂ ಆಡ್ತೀಯ." ಮೇಡಂ ನಗುತ್ತಲೇ ಹೇಳಿದರು. "ನಿನ್ನ ತಂಗಿ ಸಂದರ್ಶನದಲ್ಲಿ ಹತ್ತು ನಿಮಿಷ ನಮ್ಮನ್ನೇ ಪ್ರಶ್ನೆ ಕೇಳಿದ್ಲು, ಗೊತ್ತಾ?"

ಗೊತ್ತಿರಲಿಲ್ಲ.

ಕಂಟ್ರೋಲ್ ರೂಮ್ ಎಂದರೆ ಸಭಾಂಗಣದ ಪಕ್ಕದ ಸಣ್ಣ ಕೊಠಡಿ. ಎರಡು ಮೇಜು, ಕಾಗದ ಕಚ್ಚಿಕೊಳ್ಳುವ ಒಂದು ಪ್ರಿಂಟರು, ಗೋಡೆಯ ಮೇಲೆ ಮೂರು ದೇಶಗಳ ನಕಾಶೆ. ದೇಶದಿಂದ ದೇಶಕ್ಕೆ ಹೋಗುವ ರಹಸ್ಯ ಪತ್ರಗಳೂ ಇಲ್ಲಿಗೇ ಬಂದು ಮುಂದೆ ಹೋಗಬೇಕು. ಇಲ್ಲಿಂದ ಹೊರಡುವ ಪ್ರತಿ ಸುದ್ದಿಚೀಟಿಗೂ ಮೇಡಂ ಹಸಿರು ಶಾಯಿಯಲ್ಲಿ ಸಹಿ ಹಾಕಬೇಕು. ಅಕ್ಕನಿಗೆ ಇಬ್ಬರು ಸಹಾಯಕಿಯರು. ಸಭಾಂಗಣದ ಮಾತು ಬಾಗಿಲ ಸಂದಿಯಿಂದ ಕೇಳುತ್ತಿತ್ತು, ಮುಖಗಳು ಮಾತ್ರ ಕಾಣುತ್ತಿರಲಿಲ್ಲ.

ಮೊದಲ ದಿನ ಬೆಳಿಗ್ಗೆಯೇ ನಡುನಾಡಿನಿಂದ ಚೀಟಿ ಬಂತು. ತಂಗಿಯ ಗುಂಡು ಅಕ್ಷರ. "ಸತ್ತವರ ಪಟ್ಟಿ ಬೇಕು. ವಯಸ್ಸು, ಕೆಲಸ, ಆ ಹೊತ್ತಿಗೆ ಅಲ್ಲಿ ಏನು ಮಾಡುತ್ತಿದ್ದರು."

"ನಲವತ್ತೊಂದು ಅಂತ ಸಂಖ್ಯೆ ಕೊಟ್ಟಿದ್ದೀವಲ್ಲ, ಸಾಲ್ದಾ ಇವಳಿಗೆ?" ಎಂದು ಅಕ್ಕ ಗೊಣಗಿದಳು. ಆದರೆ ನಿಯಮದ ಪ್ರಕಾರ ಕೇಳಿದ್ದನ್ನು ಕೊಡಲೇಬೇಕು. ಬೇಕಾಬಿಟ್ಟಿ ಬರೆದು ಬಿಸಾಡೋಣ ಎಂದು ಕೂತವಳು ಎರಡನೇ ಸಾಲಿಗೇ ಮೈಮರೆತಳು. ಊಟದ ಬಿಡುವು ಮುಗಿದುಹೋದದ್ದೂ ತಿಳಿಯಲಿಲ್ಲ. ಬೀಗ ರಿಪೇರಿಯವನು, ಐವತ್ತೆರಡು, ಅಂದು ಬೆಳಿಗ್ಗೆ ಮೂರು ಮನೆಯ ಬಾಗಿಲು ತೆರೆದುಕೊಟ್ಟಿದ್ದ. ಬಸ್ ಕಂಡಕ್ಟರು, ಮೂವತ್ತು, ರಜೆಯಲ್ಲಿದ್ದ, ಬಿಗಿಯಾದ ಚಪ್ಪಲಿ ಬದಲಾಯಿಸಲು ಬಂದಿದ್ದ. ಹೊಲಿಗೆ ಟೀಚರು, ನಲವತ್ತನಾಲ್ಕು, ಗುಂಡಿ ಆರಿಸುತ್ತಿದ್ದಳು, ನೀಲಿಯೋ ಬಿಳಿಯೋ ಇನ್ನೂ ತೀರ್ಮಾನವಾಗಿರಲಿಲ್ಲ. ಹೀಗೆ ನಲವತ್ತೊಂದೂ ಸಾಲು.

ಮಧ್ಯಾಹ್ನದ ಸಭೆಯಲ್ಲಿ ಮೈಕು ಗುಡುಗಿದ. ಕೆಳನಾಡಿನ ಮಂತ್ರಿ ತಿರುಗಿ ಗುಡುಗಿದ. ನಡುನಾಡಿನ ಸರದಿ ಬಂದಾಗ ಸಭಾಂಗಣ ಎಷ್ಟು ನಿಶ್ಶಬ್ದವಾಯಿತೆಂದರೆ ಅಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತಳು.

ತಂಗಿ ಆ ಪಟ್ಟಿಯನ್ನು ಓದುತ್ತಿದ್ದಳು. ಅಷ್ಟೇ. ಕೈ ಎತ್ತಲಿಲ್ಲ, ದನಿ ಏರಿಸಲಿಲ್ಲ, ಒಂದೊಂದೇ ಸಾಲು ನಿಧಾನಕ್ಕೆ. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ರಾಯಭಾರಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಕೊನೆಯ ಸಾಲು ಓದಿ ತಂಗಿ ಹೇಳಿದಳು: "ಇವರು ಯಾರ ಕಡೆಯವರೂ ಅಲ್ಲ. ಇವರನ್ನು ಹಿಡಿದುಕೊಂಡು ನೀವು ಜಗಳ ಆಡಬೇಡಿ."

ಚಪ್ಪಾಳೆ ಎಷ್ಟು ಹೊತ್ತು ಬಿತ್ತೋ. ಅಕ್ಕ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಮಾತುಗಳು ನನ್ನವು. ಆ ಗುಂಡಿ ನನ್ನದು, ಆ ಚಪ್ಪಲಿ ನನ್ನದು. ಊಟ ಬಿಟ್ಟು ಬರೆದವಳು ನಾನು, ಕಣ್ಣೀರು ಹಾಕಿಸಿದ ಹೆಸರು ಅವಳಿಗೆ.

ಸಂಜೆ ಬಸ್ಸಿನಲ್ಲಿ ತಂಗಿ ಪಕ್ಕದಲ್ಲಿ ಬಂದು ಕೂತಳು. ಮುಖ ಇನ್ನೂ ಬಿಸಿಯಾಗಿತ್ತು.

"ಅಕ್ಕಾ, ಆ ಪಟ್ಟಿ ನೀನೇ ಬರ್ದಿದ್ದಲ್ವಾ? ಆ ಹೊಲಿಗೆ ಟೀಚರ ಸಾಲು ಬಂದಾಗ ನಂಗೆ ಓದೋದನ್ನೇ ನಿಲ್ಲಿಸಿಬಿಡೋಣ ಅನ್ನಿಸ್ತು."

"ಎಲ್ರೂ ಸೇರಿ ಬರ್ದಿದ್ದು," ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತ. ಹೌದು ನಾನೇ ಎಂದಿದ್ದರೆ ತಂಗಿ ಹೊಗಳುತ್ತಿದ್ದಳು. ಅವಳಿಂದ ಹೊಗಳಿಸಿಕೊಳ್ಳುವುದು ಬೇಕಿರಲಿಲ್ಲ.

ಮನೆಯಲ್ಲಿ ಅಪ್ಪ ಡ್ರೈವಿಂಗ್ ಸ್ಕೂಲಿನಿಂದ ಬಂದವರು ಸುದ್ದಿ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ನಮ್ಮ ಮೂಗಿ ಮಂತ್ರಿ! ಇಡೀ ದಿನ ಬ್ರೇಕು ಬ್ರೇಕು ಅಂತ ಕಿರುಚಿ ಬಂದ್ರೂ ನನ್ನ ಮಾತನ್ನ ಒಬ್ಬರೂ ಕೇಳಲ್ಲ, ಇವಳು ಮೆಲ್ಲಗೆ ಮಾತಾಡಿದ್ರೆ ಸಭೆನೇ ಅಳತ್ತಂತೆ!" ಅವಳಿಂದ ಎರಡು ಸಲ ಭಾಷಣ ಮಾಡಿಸಿದರು. ಅಕ್ಕ ಅಡುಗೆಮನೆಯಲ್ಲಿ ತಟ್ಟೆಗಳನ್ನು ಬೇಕೆಂದೇ ಸದ್ದಾಗುವಂತೆ ತೊಳೆದಳು.

ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸ್ ಆಗಿದ್ದ ಅಮ್ಮ ಮಾತ್ರ ಬೇರೆಯದೇ ಕೇಳಿದರು. "ಗಾಯ ಆದೋರು ಎಷ್ಟು ಜನ?"

"ನೂರ ಇಪ್ಪತ್ತು," ಎಂದಳು ತಂಗಿ.

"ಆ ಊರಿನ ಆಸ್ಪತ್ರೇಲಿ ಹಾಸಿಗೆ ಎಷ್ಟಿದೆ?"

ಅದನ್ನು ಯಾರೂ ಯೋಚಿಸಿಯೇ ಇರಲಿಲ್ಲ.

"ನೋಡಿ ಮತ್ತೆ," ಎಂದರು ಅಮ್ಮ. "ಸತ್ತೋರ ಲೆಕ್ಕ ಎಲ್ರೂ ಕೇಳ್ತಾರೆ."

ಮರುದಿನ ಹನ್ನೊಂದರ ಹೊತ್ತಿಗೆ ಕಂಟ್ರೋಲ್ ರೂಮಿಗೆ ತಂಗಿಯ ಲಕೋಟೆ ಬಂತು. ಮೇಲೆ "ರಹಸ್ಯ, ಕೆಳನಾಡಿನ ಮಂತ್ರಿಗೆ ಮಾತ್ರ" ಎಂದಿತ್ತು. ನೀವು ನಿಮ್ಮ ನೆಲದಲ್ಲಿ ಅಡಗಿರುವ ಇಬ್ಬರು ಶಂಕಿತರನ್ನು ಜಂಟಿ ತನಿಖೆಗೆ ಒಪ್ಪಿಸಿದರೆ, ತನಿಖೆ ಮುಗಿಯುವವರೆಗೆ ನಿಮ್ಮ ದೇಶದ ಹೆಸರನ್ನು ನಾವು ಎಲ್ಲಿಯೂ ಎತ್ತುವುದಿಲ್ಲ ಎಂದು ಬರೆದಿದ್ದಳು. ಅಕ್ಕ ಎರಡು ಸಲ ಓದಿದಳು. ಜಾಣತನದ ಪತ್ರ. ತನ್ನ ಒಂಬತ್ತು ಪುಟದ ಟಿಪ್ಪಣಿಯಲ್ಲಿ ಇಂಥದೊಂದು ಉಪಾಯ ಇರಲಿಲ್ಲ. ಅದು ಮುಟ್ಟಿದರೆ ಸಂಜೆಯೊಳಗೆ ಒಪ್ಪಂದವಾಗುತ್ತದೆ, ನಾಳೆ ಬಹುಮಾನ ತಂಗಿಗೆ, ಮನೆಯಲ್ಲಿ ಅಪ್ಪ ಮತ್ತೆ ಕುರ್ಚಿಯಿಂದ ಏಳುತ್ತಾರೆ.

ಮೇಡಂ ನಿವೃತ್ತ ರಾಯಭಾರಿಗಳ ಜೊತೆ ಕಾಫಿಗೆ ಹೋಗಿದ್ದರು. ಸಹಾಯಕಿಯರು ಪ್ರಿಂಟರಿನಿಂದ ಕಾಗದ ಎಳೆಯುವುದರಲ್ಲಿ ಮುಳುಗಿದ್ದರು. ಅಕ್ಕ ಪತ್ರವನ್ನು ಮುಂದಕ್ಕೆ ಕಳಿಸಿದಳು. ಅದರ ಬೆನ್ನಿಗೇ ಒಂದು ಸುದ್ದಿಚೀಟಿ ಬರೆದಳು: "ಕತ್ತಲಲ್ಲಿ ಕೈ ಚಾಚಿದ ಮಂತ್ರಿ! ನಡುನಾಡಿನ ರಹಸ್ಯ ಪತ್ರ ಬಯಲು. ಸತ್ತವರ ಹೆಸರಲ್ಲಿ ಚೌಕಾಶಿ?" ಮೇಡಂ ಆಗಲೇ ಸಹಿ ಮಾಡಿಟ್ಟಿದ್ದ ಚೀಟಿಗಳ ನಡುವೆ ಅದನ್ನು ಸೇರಿಸಿದಳು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಚೀಟಿಯನ್ನು ಮತ್ತೆ ಹೊರಗೆಳೆದು ಕೆಳಗೆ ಇನ್ನೊಂದು ಸಾಲು ಹಾಕಿದಳು: "ನಡುನಾಡಿನ ಮಂತ್ರಿ ಕೂಡಲೇ ಪತ್ರಿಕಾಗೋಷ್ಠಿಗೆ ಬರತಕ್ಕದ್ದು."

ಪತ್ರಕರ್ತರ ಪಾತ್ರದಲ್ಲಿ ಆರು ಜನರಿದ್ದರು. ಚೀಟಿ ಸಿಕ್ಕಿದ್ದೇ ತಡ, ಆರೂ ಜನ ತಂಗಿಯ ಮೇಲೆ ಮುಗಿಬಿದ್ದರು.

"ಪತ್ರ ನಿಮ್ದೇನಾ?"

"ನಿನ್ನೆ ಪಟ್ಟಿ ಓದಿದ್ದು ನಾಟಕಾನಾ?"

"ಕೆಳನಾಡಿಗೆ ಮಾರ್ಕೊಂಡಿದ್ದೀರಾ? ಉತ್ತರ ಕೊಡಿ!"

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ತಂಗಿ ಎದ್ದು ನಿಂತಳು, ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಕತ್ತಿನ ನರ ಎದ್ದು ಕಾಣುತ್ತಿತ್ತು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅಕ್ಕನಿಗೆ ಒಂದು ಕ್ಷಣ ಮೈಯೆಲ್ಲ ಹಗುರಾಯಿತು, ಅದು ನಿಜ. ಮೂಗಿ ಮತ್ತೆ ಮೂಗಿಯಾಗಿದ್ದಳು.

ಆಗ ತಂಗಿ ಸಭಾಂಗಣದ ಉದ್ದಕ್ಕೂ ಕಣ್ಣಾಡಿಸಿ ಬಾಗಿಲಲ್ಲಿ ಅಕ್ಕನನ್ನು ಕಂಡುಹಿಡಿದಳು. ಕಂಡು, ಕಾದಳು. ಅಕ್ಕ ಮಾತಾಡಲಿಲ್ಲ. ಒಂದು ನಿಮಿಷ ಹೋಯಿತು, ಎರಡಾಯಿತು. ಅಕ್ಕನೇ ಕಣ್ಣು ಕೆಳಗಿಳಿಸಿದಳು. ಮತ್ತೆ ತಲೆಯೆತ್ತಿದಾಗ ತಂಗಿ ಕಾಗದಗಳನ್ನು ಜೋಡಿಸಿಕೊಂಡು ಹೊರಗೆ ಹೋಗುತ್ತಿದ್ದಳು. ಅರ್ಧ ಗಂಟೆಯಲ್ಲಿ ಕೆಳನಾಡು ಪತ್ರವನ್ನು ತಿರಸ್ಕರಿಸಿತು. ಮೂರರ ಹೊತ್ತಿಗೆ ಮೈಕು ಮೇಜು ಗುದ್ದಿ ಸೇನೆಯನ್ನು ನಡುನಾಡಿನ ಸೇತುವೆ ದಾಟಿಸಿದ.

ಸಂಜೆ ನಿವೃತ್ತ ರಾಯಭಾರಿಗಳು ತಾವಾಗಿಯೇ ಕಂಟ್ರೋಲ್ ರೂಮಿಗೆ ಬಂದರು. "ಆ ಸೋರಿಕೆ ಯಾರ ಯೋಚನೆ?"

"ನಂದು ಸರ್."

"ಭೇಷ್. ನಾನು ಮೂವತ್ತು ವರ್ಷ ಮಾತುಕತೆಯ ಮೇಜಿನಲ್ಲಿ ಕಂಡಿದ್ದು ಇದನ್ನೇ. ಒಳ್ಳೆ ಪತ್ರ ಒಂದು ಇರತ್ತೆ, ಯಾರೋ ಒಬ್ರು ಅದನ್ನ ಕೆಡಿಸ್ತಾರೆ. ಯಾಕೆ ಕೆಡಿಸಿದ್ರು ಅಂತ ಕೊನೆಗೂ ಗೊತ್ತಾಗಲ್ಲ." ಅವರು ಅವಳ ಬೆನ್ನು ತಟ್ಟಿದರು. ಮೂರು ವರ್ಷದಿಂದ ಕಾದಿದ್ದ ಶಹಬ್ಬಾಸ್‌ಗಿರಿ. ಅಕ್ಕನಿಗೆ ನಗಲು ಆಗಲಿಲ್ಲ.

ಬಸ್ಸಿನಲ್ಲಿ ತಂಗಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಮನೆಗೆ ಬಂದು, ಇಬ್ಬರೂ ಮಲಗುವ ಕೊಠಡಿಯ ಬಾಗಿಲು ಹಾಕಿಕೊಂಡ ಮೇಲೆ ಬಾಯಿಬಿಟ್ಟಳು.

"ಕತ್ತಲಲ್ಲಿ ಕೈ ಚಾಚಿದ ಮಂತ್ರಿ. ಇಂಥ ತಲೆಬರಹ ಬರೆಯೋಳು ನೀನೊಬ್ಳೇ."

"ಅದು ಆಟ ಕಣೇ. ಸೋರಿಕೆ ಆಗಲ್ವಾ ದೇಶಗಳಲ್ಲಿ?"

"ಸೋರಿಕೆ ಬಿಡು, ಅದು ಆಟ. ಪತ್ರಿಕಾಗೋಷ್ಠಿ ಯಾಕೆ ಕರೆದೆ?"

ಅಕ್ಕ ಹಾಸಿಗೆಯ ಚಾದರ ಸರಿಮಾಡತೊಡಗಿದಳು.

"ಆರು ಜನ ಒಟ್ಟಿಗೆ ಕೂಗಿದ್ರೆ ನಂಗೇನಾಗತ್ತೆ ಅಂತ ಇಡೀ ಕಾಲೇಜಲ್ಲಿ ಒಬ್ಬಳಿಗೇ ಗೊತ್ತಿದ್ದಿದ್ದು," ಎಂದಳು ತಂಗಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಮೇಲ್ನಾಡಿಗೂ ಗೊತ್ತಿರ್ಲಿಲ್ಲ, ಕೆಳನಾಡಿಗೂ ಗೊತ್ತಿರ್ಲಿಲ್ಲ."

ಚಾದರ ಸರಿಯಾಗಿಯೇ ಇತ್ತು. ಅಕ್ಕನ ಕೈ ಅದನ್ನೇ ಎಳೆಯುತ್ತಿತ್ತು. "ನೀನು ಅರ್ಜಿ ಹಾಕಿದ್ದು ನಂಗೆ ಯಾಕೆ ಹೇಳ್ಲಿಲ್ಲ?" ಎಂದಳು ಕೊನೆಗೆ.

"ಹೇಳಿದ್ರೆ ನೀನೇ ನನ್ನ ಸಂದರ್ಶನಕ್ಕೂ ಬಂದು ಮಾತಾಡ್ತಿದ್ದೆ."

ಹೀಗೆಂದು ತಂಗಿ ಪುಸ್ತಕ ಎತ್ತಿಕೊಂಡು ಅಮ್ಮನ ಹತ್ತಿರ ಹೋದಳು. ಅಡುಗೆಮನೆಯಿಂದ ಬಹಳ ಹೊತ್ತು ಅವರಿಬ್ಬರ ಮಾತು ಕೇಳಿಸುತ್ತಿತ್ತು. ಹಾಸಿಗೆ, ರಕ್ತ, ಸುಟ್ಟಗಾಯ, ಎಷ್ಟು ಗಂಟೆಯೊಳಗೆ ಏನಾಗಬೇಕು. ಅಮ್ಮ ತನ್ನ ಕೆಲಸದ ಬಗ್ಗೆ ಅಷ್ಟು ಮಾತಾಡಿದ್ದನ್ನು ಅಕ್ಕ ಕೇಳಿಯೇ ಇರಲಿಲ್ಲ. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು. ಉರಿಯುತ್ತಿದೆ ಎಂದು ಗೊತ್ತಾಗಿ ತನ್ನ ಮೇಲೆಯೇ ಅಸಹ್ಯವಾಯಿತು. ಎರಡೂ ಒಟ್ಟಿಗೇ ಇದ್ದವು, ಒಂದು ಬಂದರೆ ಇನ್ನೊಂದು ಹೋಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ಕಾಲೇಜಿಗೆ ಹೋಗಿ ಮೇಡಂ ಮುಂದೆ ನಿಂತಳು. ಸಹಿ ಇಲ್ಲದ ಚೀಟಿ ಕಳಿಸಿದ್ದು ತಾನು, ತಂಗಿಯ ಮಾತು ನಿಲ್ಲಲಿ ಎಂದೇ ಗೋಷ್ಠಿ ಕರೆದದ್ದು ಎಂದು ಒಂದೇ ಉಸಿರಿಗೆ ಹೇಳಿದಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಆ ಚೀಟಿ ನಾನೇ ಸಹಿ ಮಾಡಿದ್ದೇನೋ ಅಂದ್ಕೊಂಡಿದ್ದೆ. ನಿನ್ನ ಮೇಲೆ ಅಷ್ಟು ನಂಬಿಕೆ ಇತ್ತು."

"ವಾಪಸ್ ತಗೋಬಹುದಾ ಮೇಡಂ? ಆ ಸುದ್ದಿ ಸುಳ್ಳು ಅಂತ ಇನ್ನೊಂದು ಚೀಟಿ…"

"ಪತ್ರ ಸುಳ್ಳಲ್ವಲ್ಲ. ಮೂರು ದೇಶದೋರೂ ಓದಿ ಆಯ್ತು. ಇನ್ನು ಅದನ್ನ ಇಟ್ಕೊಂಡೇ ಅವರು ಮುಂದೆ ಹೋಗ್ಬೇಕು." ಮೇಡಂ ಕಂಟ್ರೋಲ್ ರೂಮಿನ ಕೀಲಿಗಾಗಿ ಕೈ ಚಾಚಿದರು. "ನೀನು ಇವತ್ತು ಪ್ರೇಕ್ಷಕರ ಸಾಲಲ್ಲಿ ಕೂತ್ಕೋ. ಅಂತರ ಕಾಲೇಜು ಶೃಂಗಸಭೆಗೆ ಹೋಗೋ ತಂಡಕ್ಕೆ ನಿನ್ನ ಹೆಸರು ಬರೆದಿದ್ದೆ. ಅದನ್ನೂ ತೆಗೀತೀನಿ."

ಅಕ್ಕ ಹಿಂದಿನ ಸಾಲಿನಲ್ಲಿ ಕೂತಳು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಎಲ್ಲರ ಮುಖವೂ ಕಾಣುತ್ತಿತ್ತು.

ಮೈಕು ಎದ್ದು, ನಡುನಾಡಿನ ಮಂತ್ರಿಗೆ ಬಾಯಿಯೇ ಇಲ್ಲದ ಮೇಲೆ ಮಾತುಕತೆ ಯಾರ ಜೊತೆ ಎಂದು ವ್ಯಂಗ್ಯವಾಡಿದ. ಸಭೆ ನಕ್ಕಿತು. ತಂಗಿ ಎದ್ದಳು. ಎರಡೂ ಕೈಯನ್ನು ಮೇಜಿನ ಮೇಲೆ ಊರಿದಳು. ಮಾತು ಬರುವುದಕ್ಕೆ ಸಮಯ ಹಿಡಿಯಿತು. ಅವಳು ಆ ಸಮಯವನ್ನು ತೆಗೆದುಕೊಂಡಳು, ಯಾರ ಕಡೆಗೂ ತಿರುಗಲಿಲ್ಲ.

"ನಿನ್ನೆ ನನಗೆ ಮಾತು ಹೊರಡಲಿಲ್ಲ. ಮಾತು ಹೊರಡದಿದ್ದರೂ ಕಿವಿ ಕೇಳುತ್ತಿತ್ತು," ಎಂದಳು. "ಹೌದು, ಆ ಪತ್ರ ಬರೆದದ್ದು ನಾನೇ. ಇವತ್ತು ಅದನ್ನೇ ಬಹಿರಂಗವಾಗಿ ಹೇಳುತ್ತಿದ್ದೇನೆ. ಅದು ಬೇಡವಾದರೆ ಇನ್ನೊಂದು ಕೇಳುತ್ತೇನೆ. ನಮ್ಮ ಊರಿನ ಆಸ್ಪತ್ರೆಯಲ್ಲಿ ಅರವತ್ತು ಹಾಸಿಗೆ ಎಂದು ಇವತ್ತು ಬೆಳಿಗ್ಗೆ ಕಂಟ್ರೋಲ್ ರೂಮಿನಿಂದ ತಿಳಿದುಕೊಂಡೆ. ಗಾಯಗೊಂಡವರು ನೂರ ಇಪ್ಪತ್ತು. ದೊಡ್ಡ ಆಸ್ಪತ್ರೆ ಕೆಳನಾಡಿನಲ್ಲಿದೆ, ರೈಲುಹಳಿ ಮೇಲ್ನಾಡಿನ ಸೇನೆಯ ಕೈಯಲ್ಲಿದೆ. ಆರು ಗಂಟೆ ಕಾಲ ಹಳಿ ಬಿಟ್ಟುಕೊಡಿ. ಆಮೇಲೆ ಬೇಕಾದರೆ ಜಗಳ ಮುಂದುವರಿಸಿ."

ನಾಲ್ಕು ಗಂಟೆ ಚರ್ಚೆಯಾಯಿತು. ಯುದ್ಧ ನಿಲ್ಲಲಿಲ್ಲ, ತನಿಖೆಗೆ ಯಾರೂ ಒಪ್ಪಲಿಲ್ಲ, ಸೇತುವೆ ದಾಟಿದ ಸೇನೆ ಹಿಂದಕ್ಕೆ ಹೋಗಲಿಲ್ಲ. ಆದರೆ ಗಾಯಾಳುಗಳ ರೈಲಿಗೆ ಆರು ಗಂಟೆ ಕಾಲ ಹಳಿ ಬಿಡುವುದಕ್ಕೆ ಮೂರೂ ದೇಶ ಸಹಿ ಹಾಕಿದವು. ಆ ಮೂರು ದಿನದಲ್ಲಿ ಆದ ಒಪ್ಪಂದ ಅದೊಂದೇ.

ಅತ್ಯುತ್ತಮ ಪ್ರತಿನಿಧಿ ಬಹುಮಾನ ಮೈಕುವಿಗೆ ಹೋಯಿತು. ಅವನ ಹೆಸರು ಕೂಗಿದಾಗ ಅಕ್ಕನ ಎದೆಯಿಂದ ಒಂದು ನಿಟ್ಟುಸಿರು ಹೊರಟಿತು. ಅದು ತಂಗಿಗೆ ಬರಲಿಲ್ಲವಲ್ಲ ಎಂಬ ನೆಮ್ಮದಿಯ ಉಸಿರು. ಇಷ್ಟೆಲ್ಲ ಆದ ಮೇಲೂ ಇದು ಹೋಗಿಲ್ಲವೇ ಎಂದು ಅವಳು ನಾಚಿ ತಲೆತಗ್ಗಿಸಿದಳು.

ತಂಗಿ ಹನ್ನೊಂದು ದಿನ ಅವಳ ಜೊತೆ ಬೇಕಾದಷ್ಟೇ ಮಾತಾಡಿದಳು. ಬಾಚಣಿಗೆ ಎಲ್ಲಿ, ದೀಪ ಆರಿಸು, ಅಮ್ಮ ಕರೀತಿದ್ದಾರೆ. ಅಕ್ಕ ಒಂದು ಸಲ ತಪ್ಪಾಯ್ತು ಎಂದಳು. ತಂಗಿ "ಹೂಂ" ಎಂದಳು. ಅಪ್ಪ ಇಬ್ಬರ ಮುಖವನ್ನೂ ನೋಡಿ, "ಏನು, ಗಡಿ ಮುಚ್ಚಿದ್ಯಾ?" ಎಂದು ಕೇಳಿ ಯಾರೂ ನಗದಿದ್ದಾಗ ಪತ್ರಿಕೆಯೊಳಗೆ ಮುಖ ಹುದುಗಿಸಿದರು.

ಅಂತರ ಕಾಲೇಜು ತಂಡದ ಪಟ್ಟಿಯಲ್ಲಿ ತಂಗಿಯ ಹೆಸರು ಬಂತು. ಬೇರೆ ಊರಿನಲ್ಲಿ ಐದು ದಿನ. ಹೊರಡುವ ದಿನ ಅಮ್ಮನಿಗೆ ಡ್ಯೂಟಿ, ಅಪ್ಪನಿಗೆ ಯಾರದೋ ಲೈಸೆನ್ಸ್ ಪರೀಕ್ಷೆ. ಸ್ಟೇಷನ್ನಿಗೆ ಬಿಡಲು ಅಕ್ಕನೇ ಹೋಗಬೇಕಾಯಿತು. ಹತ್ತು ಗಂಟೆಯ ಬಿಸಿಲು ಪ್ಲಾಟ್‌ಫಾರ್ಮಿನ ಅರ್ಧದವರೆಗೆ ಬಿದ್ದಿತ್ತು. ತಂಡದವರು ಟೀ ಅಂಗಡಿಯ ಹತ್ತಿರ ಗುಂಪಾಗಿ ನಗುತ್ತಿದ್ದರು. ಅಕ್ಕ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ನಂಗೆ ಹೊಟ್ಟೆ ಉರೀತಿದೆ ಕಣೇ," ಎಂದಳು ಇದ್ದಕ್ಕಿದ್ದಂತೆ. "ಈಗ್ಲೂ. ನೀನು ಹೋಗ್ತಿರೋದು ನೋಡಿ ಉರೀತಿದೆ."

ತಂಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು, ತಡೆಯಲಾಗದ ನಗು. "ಗೊತ್ತು. ಆ ದಿನ ತಟ್ಟೆ ತೊಳೆದಿದ್ದು ಪಕ್ಕದ ಬೀದಿಗೂ ಕೇಳಿಸ್ತು."

"ನಗಬೇಡ. ನಾನು ನಿಜ ಹೇಳ್ತಿದ್ದೀನಿ."

"ನಾನೂ ನಿಜ ಹೇಳ್ಲಾ? ನನಗೆ ಚಿಕ್ಕೋಳಿದ್ದಾಗಿಂದ ನಿನ್ನ ಮೇಲೆ ಹೊಟ್ಟೆಕಿಚ್ಚು. ನೀನು ಬಾಯಿ ತೆಗೆದ ಕೂಡ್ಲೇ ಮಾತು ಬರತ್ತಲ್ಲ, ಅದಕ್ಕೆ." ತಂಗಿ ಬ್ಯಾಗನ್ನು ಅಕ್ಕನ ಕೈಯಿಂದ ತೆಗೆದುಕೊಂಡಳು. "ಆದ್ರೆ ಗೋಷ್ಠಿ ಕರೆದಿದ್ದನ್ನ ನಾನಿನ್ನೂ ಮರೆತಿಲ್ಲ."

"ಮರೀಬೇಡ."

ರೈಲು ಬಂತು. ತಂಡದವರು ಕಿಟಕಿ ಸೀಟಿಗೆ ಕಿತ್ತಾಡುತ್ತ ಹತ್ತಿದರು. ತಂಗಿ ಮೆಟ್ಟಿಲ ಮೇಲೆ ನಿಂತು, ಅಲ್ಲಿ ಕೊಡುವ ಕಥೆ ಏನೆಂದು ರಾತ್ರಿಯೊಳಗೆ ತಿಳಿಸುತ್ತೇನೆ, ಓದಿ ಎಲ್ಲಿ ಟೊಳ್ಳಿದೆ ಹೇಳು ಎಂದಳು. ಅಕ್ಕ ಸರಿ ಎಂದಳು. ರೈಲು ಹೊರಟ ಮೇಲೆ ಅವಳು ನೆರಳಿರುವ ಕಡೆಯಿಂದ ನಡೆದು ಹೊರಗೆ ಬಂದಳು. ಬಸ್ಸಿಗೆ ಕಾಯುವಷ್ಟು ಹೊತ್ತೂ, ತಂಗಿಗೆ ಕಿಟಕಿ ಸೀಟು ಸಿಕ್ಕಿತೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಸಿಕ್ಕಿರಲಿ ಎಂದು ಅರ್ಧ ಮನಸ್ಸು, ಸಿಗದಿದ್ದರೂ ಸರಿಯೇ ಎಂದು ಇನ್ನರ್ಧ.